ಹಿಮ್ಮಡಿಯ ಒಂದು ಹನಿ ರಕ್ತ, ಗಣಕಯಂತ್ರದ ಓದು

ಮಗು ಹುಟ್ಟಿದಾಗ ಗುಂಡಗುಂಡಗೆ ಇತ್ತು. ಮೂರು ದಿನ ಚೆನ್ನಾಗಿಯೇ ಹಾಲು ಕುಡಿಯಿತು. ನಾಲ್ಕನೆಯ ದಿನ ಮೊಲೆ ಬೇಡವೆಂದು ಮುಖ ತಿರುಗಿಸಿತು, ಐದನೆಯ ದಿನ ಮಂಕಾಯಿತು, ಆರನೆಯ ದಿನ ಫಿಟ್ಸ್ ಬಂತು. ಬಾದಾಮಿಯ ಹಳ್ಳಿಯಿಂದಲೋ ಹುನಗುಂದದಿಂದಲೋ ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ತರುವಷ್ಟರಲ್ಲಿ ಕೈಮೀರಿತ್ತು. ‘ದೃಷ್ಟಿ ತಾಗಿತು’ ಎಂದವರು ಕೆಲವರು, ‘ಸೊಸೆಯ ಕಾಲ್ಗುಣ’ ಎಂದವರು ಇನ್ನು ಕೆಲವರು. ಎರಡು ವರ್ಷದ ನಂತರ ಅದೇ ತಾಯಿಯ ಎರಡನೆಯ ಕೂಸಿಗೂ ಹೀಗೆಯೇ ಆದರೆ ಏನೆನ್ನೋಣ?

ಹಸುಗೂಸು ಹೀಗೆ ಮಂಕಾಗಲು ಸೋಂಕು ಬಹು ಸಾಮಾನ್ಯ ಕಾರಣ. ಆದರೆ ಕೆಲವು ಮಕ್ಕಳಲ್ಲಿ ಕಾರಣ ಬೇರೆಯೇ ಇರುತ್ತದೆ. ಹಾಲಿನಲ್ಲಿರುವ ಸಸಾರಜನಕವನ್ನೋ ಕೊಬ್ಬನ್ನೋ ಅರಗಿಸಿ ಬಳಸುವ ಒಂದು ಕಿಣ್ವ ಹುಟ್ಟಿನಿಂದಲೇ ಅವರಲ್ಲಿ ಕೆಲಸ ಮಾಡುವುದಿಲ್ಲ. ಗರ್ಭದಲ್ಲಿದ್ದಷ್ಟು ದಿನ ತಾಯಿಯ ದೇಹ ಆ ಕೊರತೆಯನ್ನು ತುಂಬಿರುತ್ತದೆ. ಹುಟ್ಟಿದ ಮೇಲೆ ಅರ್ಧಕ್ಕೆ ನಿಂತ ರಾಸಾಯನಿಕಗಳು ರಕ್ತದಲ್ಲಿ ತುಂಬಿಕೊಂಡು ಮಿದುಳನ್ನು ಕೆಡಿಸುತ್ತವೆ. ಇವು ಜನ್ಮಜಾತ ಚಯಾಪಚಯ ದೋಷಗಳು. ಇವುಗಳಲ್ಲೊಂದರಲ್ಲಿ ಮಗುವಿನ ಮೂತ್ರಕ್ಕೆ ಸುಟ್ಟ ಸಕ್ಕರೆಯ ವಾಸನೆ ಇರುತ್ತದೆ. ಇಂಗ್ಲಿಷ್ ಪುಸ್ತಕಗಳು ಅದನ್ನು ಮೇಪಲ್ ಮರದ ಪಾಕಕ್ಕೆ ಹೋಲಿಸುತ್ತವೆ. ಮಹಾಲಿಂಗಪುರದ ಕಡೆ ಆಲೆಮನೆಯಲ್ಲಿ ಕುದಿಯುವ ಬೆಲ್ಲದ ವಾಸನೆ ಬಲ್ಲ ನಮಗೆ ಆ ಮರದ ಹಂಗು ಬೇಕಿಲ್ಲ.

ತಪ್ಪು ಯಾರದು?

ಯಾರದೂ ಅಲ್ಲ. ಇಂಥ ಹೆಚ್ಚಿನ ದೋಷಗಳಲ್ಲಿ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಕೆಟ್ಟ ಜೀನ್‌ಗಳು ಕೂಡಿದರೆ ಮಾತ್ರ ಮಗುವಿಗೆ ರೋಗ. ಒಂದೊಂದೇ ಹೊತ್ತ ತಂದೆ–ತಾಯಿ ಆರೋಗ್ಯವಾಗಿಯೇ ಇರುತ್ತಾರೆ. ಅಂಥ ದಂಪತಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟು ಮಾಡುವ ಮದುವೆಯಲ್ಲಿ ಇಬ್ಬರೂ ಅದೇ ಜೀನನ್ನು ಹೊತ್ತಿರುವ ಸಂಭವ ಹೆಚ್ಚು. ಮದುವೆ ಆಗಿಹೋಗಿದ್ದರೆ ಈಗ ಬೈದು ಪ್ರಯೋಜನವಿಲ್ಲ. ಆದರೆ ಸಂಬಂಧದ ವಿಷಯವನ್ನೂ ಹಿಂದೆ ತೀರಿಹೋದ ಕೂಸಿನ ವಿಷಯವನ್ನೂ ವೈದ್ಯರಿಂದ ಮುಚ್ಚಿಡಬೇಡಿ.

ಕರ್ನಾಟಕಕ್ಕೆ ಈ ಪರೀಕ್ಷೆ ಹೊಸದೇನಲ್ಲ. ಹಿಮ್ಮಡಿಯ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ಕ್ರಮವನ್ನು 1960ರ ದಶಕದಲ್ಲಿ ಬಳಕೆಗೆ ತಂದವರು ಅಮೆರಿಕದ ಡಾ. ರಾಬರ್ಟ್ ಗುತ್ರಿ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಅವರೊಂದಿಗೆ ಎ. ರಾಧಾ ರಮಾದೇವಿ ಮತ್ತಿತರರು ನಮ್ಮ ರಾಜ್ಯದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ನೋಡಿದರು. ಅದರ ವರದಿ 1988ರಲ್ಲಿ ಪ್ರಕಟವಾಯಿತು. ಆಗ ಅಮೈನೋ ಆಮ್ಲಗಳನ್ನು ಬಣ್ಣದ ಕಲೆಗಳಾಗಿ ಬಿಡಿಸಿ ಗುರುತಿಸಬೇಕಿತ್ತು. ನೆರೆಯ ಗೋವಾ 2008ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲೇ ಈ ತಪಾಸಣೆ ಶುರುಮಾಡಿತು. ಮೊದಲು ಹೆಜ್ಜೆಯಿಟ್ಟ ನಾವು ಹಿಂದುಳಿದೆವಲ್ಲ ಎಂಬ ಕೊರಗು ಈ ಲೇಖಕನಿಗಿದೆ.

ಗಣಕ ಮಾಡುವುದೇನು?

ಇಂದು ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಒಂದು ಪುಟ್ಟ ರಕ್ತದ ಬಿಲ್ಲೆಯಿಂದ ಹತ್ತಾರು ರಾಸಾಯನಿಕಗಳನ್ನು ಕೆಲವೇ ನಿಮಿಷಗಳಲ್ಲಿ ತೂಗಿ ಹೇಳುತ್ತದೆ. ಹೊರಬರುವುದು ಅಂಕಿಗಳ ರಾಶಿ. ಅದನ್ನು ಓದುವುದು ತಂತ್ರಾಂಶದ ಕೆಲಸ.

ಬರೀ ಒಂದು ಅಂಕಿ ಹೆಚ್ಚಿದೆ ಎಂದು ರೋಗ ಹೇಳಲಾಗದು. ಒಂದು ಎಳೆ ಹಿಡಿದು ಇದು ಇಳಕಲ್ ಸೀರೆಯೇ ಎಂದು ಹೇಳಬಲ್ಲಿರಾ? ಅಂಚು, ಸೆರಗು, ಒಡಲಿಗೆ ಸೆರಗನ್ನು ಕೂಡಿಸಿದ ಕೊಂಡಿ ಎಲ್ಲವನ್ನೂ ನೋಡಬೇಕಲ್ಲವೇ? ತಂತ್ರಾಂಶವೂ ಹಾಗೆ. ಒಂದಕ್ಕೊಂದರ ಪ್ರಮಾಣ ಎಷ್ಟು, ಒಂದು ಏರಿದಾಗ ಇನ್ನೊಂದು ಇಳಿದಿದೆಯೇ ಎಂದು ನೋಡಿ, ಹಿಂದೆ ರೋಗ ಖಚಿತವಾದ ಮಕ್ಕಳ ಅಂಕಿಗಳ ಪಕ್ಕದಲ್ಲಿಡುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್‌ನ ಡಾ. ಪಿಯೆರೊ ರಿನಾಲ್ಡೊ ಮತ್ತು ಸಂಗಡಿಗರು ಇದಕ್ಕಾಗಿ ಹತ್ತಾರು ದೇಶಗಳ ಪ್ರಯೋಗಾಲಯಗಳ ಅಂಕಿಗಳನ್ನು ಒಂದೆಡೆ ಕೂಡಿಹಾಕಿದರು. 2011ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ ರೋಗ ಖಚಿತವಾದ ಮಕ್ಕಳೇ ಹತ್ತು ಸಾವಿರಕ್ಕೂ ಹೆಚ್ಚು.

ರಕ್ತದ ಸಣ್ಣ ರಾಸಾಯನಿಕಗಳನ್ನೆಲ್ಲ ಒಟ್ಟಾಗಿ ಅಭ್ಯಸಿಸುವ ಈ ಶಾಸ್ತ್ರಕ್ಕೆ ಮೆಟಬೊಲೊಮಿಕ್ಸ್ ಎಂದು ಹೆಸರು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಿಂದ 2009ರಲ್ಲಿ ಹೊರಬಂದ ‘ಮೆಟಬೋಅನಲಿಸ್ಟ್’ ಎಂಬ ತಂತ್ರಾಂಶವನ್ನು ಸಂಶೋಧಕರು ಕಾಸಿಲ್ಲದೆ ಬಳಸಬಹುದು. ಇದು ಸಂಶೋಧನೆಗೆ. ಮಗುವಿನ ವರದಿಯ ಅಂಕಿಗಳನ್ನು ಅದಕ್ಕೆ ತುಂಬಿ ನೀವೇ ರೋಗ ಹುಡುಕಲು ಹೊರಡಬೇಡಿ!

ಗಣಕವೂ ಎಡವುತ್ತದೆ. ಆ ಬೆಲ್ಲದ ವಾಸನೆಯ ರೋಗದಲ್ಲಿ ಏರುವ ಲ್ಯೂಸಿನ್‌ಗೂ, ಸಾಮಾನ್ಯವಾಗಿ ತೊಂದರೆ ಮಾಡದ ಹೈಡ್ರಾಕ್ಸಿಪ್ರೋಲಿನ್‌ಗೂ ತೂಕ ಒಂದೇ. ಈ ಪರೀಕ್ಷೆಯಲ್ಲಿ ಎರಡೂ ಬೆರೆತುಹೋಗುತ್ತವೆ. ಇನ್ನೊಂದು ನಮ್ಮ ಕಡೆಗೆ ಮುಖ್ಯವಾದ ಸಂಗತಿ: ಬರೀ ಸಸ್ಯಾಹಾರ ತಿನ್ನುವ, ಹಾಲು ಮೊಸರೂ ಅಷ್ಟಕ್ಕಷ್ಟೇ ಸಿಗುವ ತಾಯಿಗೆ ಬಿ-12 ಜೀವಸತ್ವ ಕಡಿಮೆಯಿದ್ದರೆ, ಮಗುವಿನ ರಕ್ತದಲ್ಲಿ ಮೆಥೈಲ್ ಮಲೋನಿಕ್ ಆಮ್ಲದ ರೋಗದಂತೆಯೇ ಅಂಕಿ ಏರಬಹುದು. ಒಂದು ಜೀವಮಾನದ ರೋಗ, ಇನ್ನೊಂದು ಬಿ-12 ಕೊಟ್ಟರೆ ಸರಿಹೋಗುವ ಕೊರತೆ. ಆದ್ದರಿಂದ ಮೊದಲ ವರದಿಯಲ್ಲಿ ‘ಪಾಸಿಟಿವ್’ ಎಂದಿದ್ದರೆ ತೀರ್ಪು ಬಂದಿತೆಂದು ತಿಳಿಯಬೇಡಿ. ಅದು ಎರಡನೆಯ ಪರೀಕ್ಷೆಗೆ ಬಂದ ಕರೆ. ತಡಮಾಡದೆ ಹೋಗಬೇಕಾದ ಕರೆ ಎಂಬುದೂ ಅಷ್ಟೇ ನಿಜ.

ಚೀಟಿ ತುಂಬುವಾಗ

ರಕ್ತದ ಕಾಗದದ ಜೊತೆಗಿರುವ ಚೀಟಿಯನ್ನು ನಾವು ಅವಸರದಲ್ಲಿ ತುಂಬುತ್ತೇವೆ. ತಂತ್ರಾಂಶಕ್ಕೆ ಆ ಚೀಟಿಯೂ ರಕ್ತದಷ್ಟೇ ಮುಖ್ಯ. ಮೊದಲ ದಿನದ ಅಂಕಿಯೇ ಬೇರೆ, ಮೂರನೆಯ ದಿನದ್ದೇ ಬೇರೆ. ಎಂಟು ತಿಂಗಳಿಗೆ ಹುಟ್ಟಿದ ಕೂಸಿನದು ಇನ್ನೂ ಬೇರೆ. ಹುಟ್ಟಿದ ದಿನ ಮತ್ತು ಗಂಟೆ, ರಕ್ತ ತೆಗೆದ ಗಂಟೆ, ಎಷ್ಟು ವಾರದ ಬಸಿರು, ತೂಕ, ಎದೆಹಾಲೋ ಬಾಟಲಿ ಹಾಲೋ, ನಾಳದಲ್ಲಿ ಪೋಷಕ ದ್ರವ ಹಾಕಿದ್ದರೇ, ರಕ್ತ ಕೊಟ್ಟಿದ್ದರೇ ಎಂಬುದನ್ನೆಲ್ಲ ಸರಿಯಾಗಿ ಬರೆಸಿ. ಸಾಮಾನ್ಯವಾಗಿ ಎರಡರಿಂದ ಮೂರು ದಿನದೊಳಗೆ ರಕ್ತ ತೆಗೆಯುವುದು ಒಳ್ಳೆಯದು. ಕಾಗದವನ್ನು ನೆರಳಲ್ಲಿ ಮಟ್ಟಸವಾಗಿಟ್ಟು ಮೂರು ನಾಲ್ಕು ಗಂಟೆ ಒಣಗಿಸಿ, ಅಂದೇ ಇಲ್ಲವೇ ಮರುದಿನ ಕಳಿಸಬೇಕು. ನಮ್ಮ ಏಪ್ರಿಲ್ ಬಿಸಿಲಲ್ಲಿ ಕಾದ ಕಾರಿನೊಳಗೆ ಬಿಟ್ಟ ಕಾಗದದಿಂದ ಯಾವ ಗಣಕವೂ ಸತ್ಯ ಹೇಳಲಾರದು.

ಮಗು ಈಗಾಗಲೇ ಮಂಕಾಗಿದ್ದರೆ ವರದಿಗೆ ಕಾಯಬೇಡಿ. ಆ ಗಳಿಗೆಯೇ ಮಕ್ಕಳ ಆಸ್ಪತ್ರೆಗೆ ಹೊರಡಿ. ಎದೆಹಾಲು ನಿಲ್ಲಿಸುವುದೋ ಬೇಡವೋ ಎಂಬುದನ್ನು ವೈದ್ಯರಿಗೆ ಬಿಡಿ. 2021ರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯಡಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗಳನ್ನು ಇಂಥ ರೋಗಗಳ ವಿಶೇಷ ಕೇಂದ್ರವಾಗಿ ಗುರುತಿಸಲಾಗಿದೆ. ನಿಮ್ಮ ವೈದ್ಯರು ಅಲ್ಲಿಗೆ ಕಳಿಸಬಹುದು.

ಇನ್ನೊಂದು ಸಣ್ಣ ಮಾತು. ಚೊಚ್ಚಲ ಹೆರಿಗೆ ನಮ್ಮಲ್ಲಿ ತವರಿನಲ್ಲಿ. ಚೀಟಿಯಲ್ಲಿ ಬರೆದಿರುವುದು ಇಳಕಲ್‌ನಲ್ಲಿರುವ ಗಂಡನ ಮನೆ ವಿಳಾಸ, ಬಾಣಂತಿ–ಕೂಸು ಇರುವುದು ಬಾದಾಮಿಯ ಹಳ್ಳಿಯಲ್ಲಿ. ಪ್ರಯೋಗಾಲಯದವರು ಫೋನ್ ಮಾಡಿದಾಗ ಕೂಸಿನ ಪಕ್ಕದಲ್ಲಿರುವವರೇ ಎತ್ತಿಕೊಳ್ಳುವಂತೆ ಅಜ್ಜಿಯ ಮನೆಯ ನಂಬರನ್ನೂ ಬರೆಸಿ.