ಮನೆಯ ಮಾರಾಟವೂ ತಾಯಂದಿರ ಅವಕಾಶವೂ

‘ಅವಕಾಶ’ ಎಂಬ ಶಬ್ದಕ್ಕೆ ತೆರಪು, ಎಡೆ ಎಂಬುದು ಹಳೆಯ ಅರ್ಥ. ಅದರಿಂದ ಬಿಡುವು ಎಂಬ ಅರ್ಥವೂ, ಕಾರ್ಯಸಾಧನೆಗೆ ಒದಗಿದ ಅನುಕೂಲವೆಂಬ ಅರ್ಥವೂ ಬೆಳೆದುಬಂದಿವೆ. ಚಿಕ್ಕ ಮಕ್ಕಳ ತಾಯಂದಿರನ್ನು ಉದ್ದೇಶಿಸಿ ನೇರ ಮಾರಾಟದ ಸಂಸ್ಥೆಗಳು ಹೊರಡಿಸುವ ಪ್ರಕಟನೆಗಳಲ್ಲಿ ಈ ಶಬ್ದವು ಕಡೆಯ ಅರ್ಥದಲ್ಲಿಯೇ ಬರುವುದು: ಮನೆಯಲ್ಲಿದ್ದುಕೊಂಡೇ ಗಳಿಸುವ ಅವಕಾಶ. ಆದರೆ ಆ ವ್ಯಾಪಾರದಲ್ಲಿ ನಿಜವಾಗಿ ಮೂಲಧನವಾಗುವುದು ತಾಯಿಯ ಬಿಡುವು, ಎಂದರೆ ಮಗು ಮಲಗಿದ ಮೇಲಣ ಒಂದೆರಡು ಗಂಟೆ. ಮತ್ತು ನೆರೆಹೊರೆಯವರಲ್ಲಿ ಆಕೆಗಿರುವ ಸಲಿಗೆ. ಕೊಡಲ್ಪಟ್ಟ ಅವಕಾಶವನ್ನು ವೆಚ್ಚವಾದ ಅವಕಾಶದೊಡನೆ ತೂಗಿ ನೋಡಿದ ಹೊರತು ಇಂತಹ ಉದ್ಯಮದ ಬೆಲೆ ಗೊತ್ತಾಗುವಂತಿಲ್ಲ.

ನೇರ ಮಾರಾಟವೆಂದರೆ ಅಂಗಡಿಯ ನೆರವಿಲ್ಲದೆ ಸರಕನ್ನು ಕೊಳ್ಳುವವರ ಮನೆಗೋ, ಅವರು ನೆರೆಯುವ ಎಡೆಗೋ ಒಯ್ದು ಮಾರುವುದು. ಇದರಲ್ಲಿ ಹೊಸತೇನೂ ಇಲ್ಲ. ನಮ್ಮ ಜನಪದ ಗೀತಗಳಲ್ಲಿ ಬಳೆಗಾರನಿಗಿರುವ ಸ್ಥಾನವನ್ನು ಬಲ್ಲ ವಾಚಕರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಮಲಾರವನ್ನು ಹೊತ್ತು ಬರುವ ಆತನು ಬಳೆಯೊಡನೆ ತವರಿನ ಸುದ್ದಿಯನ್ನೂ ತರುವನು. ಆ ಸಲಿಗೆಯೇ ಅವನ ವ್ಯಾಪಾರಕ್ಕೆ ಆಧಾರ. ಆದರೆ ಬಳೆ ತೊಟ್ಟವಳನ್ನು ಆತನು ‘ನೀನೂ ಮಲಾರ ಹೊರು, ನಿನ್ನ ಗಳಿಕೆಯಲ್ಲಿ ನನಗೆ ಪಾಲು ಬರಲಿ’ ಎಂದು ಕೇಳಿದವನಲ್ಲ. ಆಧುನಿಕ ಪದ್ಧತಿಯ ವಿಶೇಷವೆಲ್ಲ ಇಲ್ಲಿಯೇ ಇರುವುದು. ಇಲ್ಲಿ ಕೊಳ್ಳುವವಳೇ ಮಾರುವವಳಾಗುವಳು, ಮಾರುವವಳು ಇನ್ನೊಬ್ಬಳನ್ನು ಮಾರಾಟಕ್ಕೆ ಸೇರಿಸುವವಳಾಗುವಳು.

ಈ ಪದ್ಧತಿಯ ಪ್ರಥಮ ರೂಪವನ್ನು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಕಾಣಬಹುದು. ಮನೆಮನೆಗೆ ಪುಸ್ತಕ ಮಾರುತ್ತಿದ್ದ ಡೇವಿಡ್ ಮೆಕಾನೆಲ್ ಎಂಬಾತನು ೧೮೮೬ರಲ್ಲಿ ಸುಗಂಧದ್ರವ್ಯಗಳ ಸಂಸ್ಥೆಯೊಂದನ್ನು ತೊಡಗಿಸಿದನು. ಮುಂದೆ ಏವಾನ್ ಎಂದು ಹೆಸರಾದುದು ಇದೇ. ಆತನ ಮೊದಲ ಪ್ರತಿನಿಧಿಯಾದ ನ್ಯೂ ಹ್ಯಾಂಪ್‌ಷೈರಿನ ಆಲ್ಬೀ ಎಂಬ ಗೃಹಿಣಿಯು ತಾನು ಮಾರಿದುದಲ್ಲದೆ ಬೇರೆ ಸ್ತ್ರೀಯರನ್ನೂ ಈ ಕೆಲಸಕ್ಕೆ ತಂದಳು. ಆ ದೇಶದಲ್ಲಿ ಸ್ತ್ರೀಯರ ಮತಾಧಿಕಾರವು ರಾಜ್ಯಾಂಗದ ತಿದ್ದುಪಡಿಯಿಂದ ಸ್ಥಿರವಾದುದು ೧೯೨೦ರಲ್ಲಿ ಎಂಬುದನ್ನು ನೆನೆದರೆ, ತನ್ನ ಹೆಸರಿನಲ್ಲಿ ಹಣ ಎಣಿಸುವ ಈ ಕೆಲಸವು ಗೃಹಿಣಿಯರಿಗೆ ಎಷ್ಟು ದೊಡ್ಡದಾಗಿ ಕಂಡಿರಬೇಕೆಂಬುದು ತಿಳಿಯುವುದು. ಈ ಪದ್ಧತಿಯನ್ನು ಬರಿಯ ಮೋಸವೆಂದು ತಳ್ಳಿಹಾಕುವವರು ಇದನ್ನು ಮರೆಯುವುದುಂಟು.

ಇನ್ನು ಬ್ರೌನೀ ವೈಸ್ ಎಂಬಾಕೆಯ ವೃತ್ತಾಂತವನ್ನು ಸ್ವಲ್ಪ ನಿಂತು ನೋಡತಕ್ಕುದು. ಅರ್ಲ್ ಟಪ್ಪರ್ ಎಂಬಾತನು ತನ್ನ ಪ್ಲಾಸ್ಟಿಕ್ ಡಬ್ಬಿಗಳಿಗೆ ಗಾಳಿಯಾಡದ ಮುಚ್ಚಳವನ್ನು ಕಲ್ಪಿಸಿದನು. ಆದರೆ ಆ ಮುಚ್ಚಳವನ್ನು ಒತ್ತಿ, ಒಳಗಣ ಗಾಳಿಯನ್ನು ಹೊರಕ್ಕೆ ಬಿಡಿಸುವ ಬಗೆಯನ್ನು ತೋರಿಸುವವರಿಲ್ಲದೆ ಅಂಗಡಿಗಳಲ್ಲಿ ಸರಕು ಕದಲಲಿಲ್ಲ. ವಿವಾಹವಿಚ್ಛೇದನವಾಗಿ ಒಬ್ಬ ಮಗನನ್ನು ತಾನೇ ಸಾಕುತ್ತಿದ್ದ ವೈಸ್, ಗೆಳತಿಯರನ್ನು ಮನೆಯಲ್ಲಿ ಕೂಡಿಸಿ, ಉಪಚಾರಮಾಡಿ, ಡಬ್ಬಿಯ ಗುಣವನ್ನು ಕಣ್ಣೆದುರಿಗೆ ತೋರಿಸಿ ಮಾರುತ್ತಿದ್ದಳು. ಆಕೆಯ ಮಾರಾಟವನ್ನು ಕಂಡು ಬೆರಗಾದ ಟಪ್ಪರನು ೧೯೫೧ರಲ್ಲಿ ಆಕೆಯನ್ನು ಉಪಾಧ್ಯಕ್ಷಳನ್ನಾಗಿ ಮಾಡಿ, ಸರಕನ್ನು ಅಂಗಡಿಗಳಿಂದ ಹಿಂತೆಗೆದುಕೊಂಡನು. ೧೯೫೪ರಲ್ಲಿ ‘ಬಿಸಿನೆಸ್ ವೀಕ್’ ಪತ್ರಿಕೆಯು ಆಕೆಯ ಚಿತ್ರವನ್ನು ಮುಖಪುಟದಲ್ಲಿ ಅಚ್ಚುಮಾಡಿತು; ಆ ಸ್ಥಳದಲ್ಲಿ ಅದುವರೆಗೆ ಯಾವ ಸ್ತ್ರೀಯ ಚಿತ್ರವೂ ಬಂದಿರಲಿಲ್ಲ. ೧೯೫೮ರಲ್ಲಿ ಟಪ್ಪರನು ಆಕೆಯನ್ನು ತೆಗೆದುಹಾಕಿದನು. ಸಂಸ್ಥೆಯಲ್ಲಿ ಆಕೆಗೆ ಒಂದು ಷೇರೂ ಇರಲಿಲ್ಲ; ಸಂದುದು ಹೆಚ್ಚುಕಡಮೆ ಒಂದು ವರ್ಷದ ಸಂಬಳ. ಅದೇ ವರ್ಷ ಟಪ್ಪರನು ಸಂಸ್ಥೆಯನ್ನು ೧೬ ದಶಲಕ್ಷ ಡಾಲರಿಗೆ ಮಾರಿದನು. ಪದ್ಧತಿಯನ್ನು ರೂಪಿಸಿದವಳ ಗತಿಯೇ ಇದಾದ ಮೇಲೆ, ಅದರ ಕೊನೆಯ ಮೆಟ್ಟಿಲಲ್ಲಿ ನಿಂತವಳು ತಾನು ‘ಸ್ವಂತ ಉದ್ಯಮ’ದ ಒಡತಿಯೆಂದು ನಂಬುವ ಮೊದಲು, ತನ್ನದೆಂದು ಹೇಳಿಕೊಳ್ಳಲು ಅಲ್ಲಿ ಏನಿದೆಯೆಂಬುದನ್ನು ವಿಚಾರಿಸಬೇಕಾಗುವುದು. ಈ ಸಂಸ್ಥೆಯು ೧೯೯೬ರಲ್ಲಿ ಭಾರತಕ್ಕೂ ಬಂದಿತು. ೨೦೨೪ರ ಸೆಪ್ಟೆಂಬರಿನಲ್ಲಿ ಅಮೆರಿಕಾದ ಮೂಲಸಂಸ್ಥೆಯು ದಿವಾಳಿಯ ಕಾನೂನಿನ ರಕ್ಷಣೆಯನ್ನು ಬೇಡಿತು.

ಇಂತಹ ಉದ್ಯಮದಲ್ಲಿ ಹಣ ಬರುವ ದಾರಿಗಳು ಎರಡು. ತಾನು ಮಾರಿದ ಸರಕಿನ ಲಾಭ ಒಂದು. ತಾನು ಸೇರಿಸಿದವರ ಮತ್ತು ಅವರು ಸೇರಿಸಿದವರ ವ್ಯವಹಾರದಿಂದ ಬರುವ ಪಾಲು ಇನ್ನೊಂದು. ಎರಡನೆಯದಕ್ಕೆ ಗಣಿತವೇ ಎಲ್ಲೆಯನ್ನು ಹಾಕಿದೆ. ಒಬ್ಬಳು ಆರು ಮಂದಿಯನ್ನು, ಅವರಲ್ಲಿ ಪ್ರತಿಯೊಬ್ಬಳು ಮತ್ತೆ ಆರು ಮಂದಿಯನ್ನು ಸೇರಿಸುತ್ತ ಹೋದರೆ ಹತ್ತನೆಯ ಮೆಟ್ಟಿಲಿನಲ್ಲಿ ಮಾತ್ರವೇ ೬,೦೪,೬೬,೧೭೬ ಮಂದಿ ಬೇಕಾಗುವರು. ೨೦೧೧ರ ಜನಗಣತಿಯಂತೆ ಕರ್ನಾಟಕದ ಒಟ್ಟು ಜನಸಂಖ್ಯೆ, ತೊಟ್ಟಿಲ ಕೂಸುಗಳೂ ಸೇರಿ, ಸುಮಾರು ೬.೧೧ ಕೋಟಿ. ಮೇಲಣ ಒಂಬತ್ತು ಮೆಟ್ಟಿಲುಗಳವರನ್ನು ಕೂಡಿಸಿದರೆ ನಾಡಿನ ಜನವೇ ಸಾಲದು. ಆದುದರಿಂದ ಕಡೆಯಲ್ಲಿ ಸೇರಿದವರಿಗೆ, ಎಂದರೆ ಬಹುಸಂಖ್ಯಾತರಿಗೆ, ಮೊದಲನೆಯ ದಾರಿಯೊಂದೇ ಉಳಿಯುವುದು.

ನ್ಯಾಯವಿಚಾರಕರೂ ಈ ಭೇದವನ್ನೇ ಹಿಡಿದಿರುವರು. ಅಮೆರಿಕಾದ ಫೆಡರಲ್ ವಾಣಿಜ್ಯ ಆಯೋಗವು ೧೯೭೫ರಲ್ಲಿ ಕಾಸ್ಕಾಟ್ ಎಂಬ ಸಂಸ್ಥೆಯ ವಿಚಾರದಲ್ಲಿ, ನಿಜವಾದ ಬಳಕೆದಾರರಿಗೆ ಸರಕು ಮಾರುವುದಕ್ಕೆ ಸಂಬಂಧವಿಲ್ಲದೆ ಜನರನ್ನು ಸೇರಿಸಿದುದಕ್ಕಾಗಿಯೇ ಪ್ರತಿಫಲ ಕೊಡುವುದು ಪಿರಮಿಡ್ ಯೋಜನೆಯ ಲಕ್ಷಣವೆಂದು ಗೊತ್ತುಮಾಡಿತು. ೧೯೭೯ರಲ್ಲಿ ಆಮ್‌ವೇ ಸಂಸ್ಥೆಯ ಯೋಜನೆಯು ಅಂತಹುದಲ್ಲವೆಂದು ಅದೇ ಆಯೋಗವು ತೀರ್ಮಾನಿಸಿತು. ಉಳಿದ ಸರಕನ್ನು ಹಿಂದಕ್ಕೆ ಕೊಳ್ಳುವ ನಿಯಮ, ಕೊಂಡುದರಲ್ಲಿ ನೂರಕ್ಕೆ ಎಪ್ಪತ್ತು ಪಾಲನ್ನು ಮಾರಿರಬೇಕೆಂಬ ನಿಯಮ ಮುಂತಾದುವು ಇದಕ್ಕೆ ಆಧಾರ. ಆದರೂ ಗಳಿಕೆಯನ್ನು ಹೆಚ್ಚಿಸಿ ಹೇಳಿದುದನ್ನು ಆಯೋಗವು ಒಪ್ಪಲಿಲ್ಲ. ಭಾರತದಲ್ಲಿ ಹಣದ ಚಲಾವಣೆಯ ಯೋಜನೆಗಳನ್ನು ೧೯೭೮ರ ಕಾಯಿದೆಯು ನಿಷೇಧಿಸಿತು. ಗ್ರಾಹಕರ ಸಂರಕ್ಷಣೆಯ ಕಾಯಿದೆಗೆ ಸೇರಿದಂತೆ ೨೦೨೧ರ ಡಿಸೆಂಬರಿನಲ್ಲಿ ಹೊರಟ ನೇರ ಮಾರಾಟದ ನಿಯಮಗಳು ಪಿರಮಿಡ್ ಯೋಜನೆಗಳನ್ನು ಸ್ಪಷ್ಟವಾಗಿ ನಿಷೇಧಿಸಿ, ಮಾರಾಟಗಾರರೊಡನೆ ಲಿಖಿತ ಕರಾರು ಇರಬೇಕೆಂದು ವಿಧಿಸಿವೆ. ಕರಾರೆಂಬುದು ಗೆಳತಿಯ ಬಾಯಿಮಾತಲ್ಲ. ತಾಯಿಯು ಮೊದಲು ಕೇಳಿ ಓದಬೇಕಾದುದು ಅದನ್ನೇ. ಒಪ್ಪಿದ ಮೇಲೆ ಮನಸ್ಸು ಬದಲಾದರೆ ಹಣ ಹಿಂದಿರುಗುವುದೆ, ಮಾರದೆ ಉಳಿದ ಸರಕನ್ನು ಯಾವ ಷರತ್ತಿನ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವರು ಎಂಬ ಎರಡು ಮಾತುಗಳು ಅಲ್ಲಿ ತಿಳಿಯದಿದ್ದರೆ ಮುಂದಿನ ವಿಚಾರವೇ ಬೇಡ.

ಲೆಕ್ಕದ ಬಗೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ಕಾಣಿಸಬಹುದು. ಒಬ್ಬ ತಾಯಿ ಮನೆಯಲ್ಲಿ ಕೂಟ ನಡೆಸಿ ೩,೦೦೦ ರೂಪಾಯಿಯ ಸರಕು ಮಾರಿದಳೆನ್ನೋಣ. ನೂರಕ್ಕೆ ಇಪ್ಪತ್ತರಂತೆ ಆಕೆಗೆ ೬೦೦ ರೂಪಾಯಿ. ಕಾಫಿತಿಂಡಿಗೆ ೧೫೦, ಸರಕು ತಲಪಿಸುವ ಬಸ್ಸಿಗೆ ೯೦, ಮಾದರಿಗಾಗಿ ಒಡೆದ ಡಬ್ಬಿಗೆ ೯೦ ಕಳೆದರೆ ಉಳಿಯುವುದು ೨೭೦. ಕರೆಯುವುದಕ್ಕೆ ಎರಡು, ಅಣಿಮಾಡುವುದಕ್ಕೆ ಮೂರು, ಕೂಟಕ್ಕೆ ಎರಡು, ಕೊಟ್ಟು ಹಣ ವಸೂಲುಮಾಡುವುದಕ್ಕೆ ಮೂರು, ಹೀಗೆ ಹತ್ತು ಗಂಟೆ. ಗಂಟೆಗೆ ೨೭ ರೂಪಾಯಿ ಬಿದ್ದಿತು. ಹೇಳುವವರು ಮೂರು ಸಾವಿರವನ್ನು ಹೇಳುವರು, ಕೆಲವರು ಆರುನೂರನ್ನು ಹೇಳುವರು. ಇಪ್ಪತ್ತೇಳನ್ನು ಯಾರೂ ಹೇಳುವುದಿಲ್ಲ. ನಾದಿನಿಯಿಂದ ಬರಬೇಕಾದ ಸಾಲದ ಬಾಬನ್ನು ಇದರಲ್ಲಿ ಹಿಡಿದಿಲ್ಲ. ಅದನ್ನು ಕೇಳಲೂ ಆಗದು, ಬಿಡಲೂ ಆಗದು.

ಇದು ಕಲ್ಪನೆಯ ಅತಿಶಯವಲ್ಲ. ಮೇಲೆ ಹೇಳಿದ ವಾಣಿಜ್ಯ ಆಯೋಗದ ಸಿಬ್ಬಂದಿಯು ೨೦೨೪ರಲ್ಲಿ ಇಂತಹ ೭೦ ಸಂಸ್ಥೆಗಳು ತಾವೇ ಪ್ರಕಟಿಸಿದ ಆದಾಯಪತ್ರಗಳನ್ನು ಪರೀಕ್ಷಿಸಿ, ಸೇರಿದವರಲ್ಲಿ ಹೆಚ್ಚಿನವರಿಗೆ ವರ್ಷಕ್ಕೆ ಸಾವಿರ ಡಾಲರ್ ಅಥವಾ ಅದಕ್ಕಿಂತ ಕಡಮೆ ಬಂದಿತೆಂದು ಕಂಡಿತು. ಕಡೆಯ ಪಕ್ಷ ೧೭ ಸಂಸ್ಥೆಗಳಲ್ಲಿ ಹೆಚ್ಚಿನವರಿಗೆ ಏನೂ ಬರಲಿಲ್ಲ. ಆ ಪತ್ರಗಳಲ್ಲಿ ಬಹುಪಾಲು ವೆಚ್ಚವನ್ನು ಕಳೆಯದೆ ಬರೆದುವು.

ಮನೆಯಲ್ಲಿದ್ದು ಗಳಿಸುವುದೇ ಅಸಾಧ್ಯವೆಂದು ಇದರಿಂದ ಹೇಳಲಾಗದು. ೧೯೫೯ರ ಮಾರ್ಚಿನಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಗೃಹಿಣಿಯರು ೮೦ ರೂಪಾಯಿ ಸಾಲ ಪಡೆದು ತೊಡಗಿದ ಲಿಜ್ಜತ್ ಹಪ್ಪಳದ ಉದ್ಯಮವು ಸಾವಿರಾರು ಸ್ತ್ರೀಯರಿಗೆ ವೃತ್ತಿಯಾಗಿ ಬೆಳೆಯಿತು. ಅಲ್ಲಿಯ ಸದಸ್ಯೆಯು ಕಲಸಿದ ಹಿಟ್ಟನ್ನು ಮನೆಗೆ ಒಯ್ದು, ಲಟ್ಟಿಸಿ ಒಣಗಿಸಿ ತಂದು ಒಪ್ಪಿಸುವಳು. ತೂಕಕ್ಕೆ ತಕ್ಕಂತೆ ಕೂಲಿ ಸಲ್ಲುವುದು. ಲಾಭನಷ್ಟಗಳಲ್ಲಿಯೂ ಆಕೆ ಪಾಲುಗಾರಳು. ಹಪ್ಪಳವನ್ನು ಕೊಳ್ಳುವವಳು ಆಕೆಯ ಅತ್ತಿಗೆಯಾಗಬೇಕಾದುದಿಲ್ಲ. ವೈಸ್ ಕಟ್ಟಿದ ಪದ್ಧತಿಯಲ್ಲಿ ಗೆಳತಿಯರ ಸಂಖ್ಯೆಯೇ ಮಾರುಕಟ್ಟೆಯ ಮೇರೆಯಾಯಿತು. ಇಲ್ಲಿ ಮಾರುಕಟ್ಟೆಯನ್ನು ಹುಡುಕುವ ಹೊರೆ ಸಂಸ್ಥೆಯದು.

ಹಾಗಾದರೆ ನೇರ ಮಾರಾಟವು ಯಾರಿಗೆ ಒಗ್ಗುವುದು? ಸರಕನ್ನು ತಾನೇ ಬಳಸಿ ಗುಣವನ್ನು ಬಲ್ಲವಳಾಗಿ, ಅಂಗಡಿಯ ಬೆಲೆಯೊಡನೆ ಅದರ ಬೆಲೆಯನ್ನು ಹೋಲಿಸಿ ನೋಡಿ, ಬೇಡಿಕೆ ಬಂದ ಮೇಲೆ ಮಾತ್ರ ತರಿಸಿಕೊಡುವ ತಾಯಿಗೆ ಅದು ಕೈಖರ್ಚಿನ ದಾರಿಯಾಗಬಹುದು. ಕೆಲವರಿಗೆ ಹಣಕ್ಕಿಂತ ಹೆಚ್ಚಾಗಿ, ನಾಲ್ಕು ಜನರೆದುರಿಗೆ ನಿಂತು ಮಾತನಾಡುವ ಧೈರ್ಯವೇ ಲಾಭವಾಗಿ ದೊರೆತಿರುವುದು, ಅದನ್ನು ಅಲ್ಪವೆನ್ನಲಾಗದು. ಆದರೆ ಮೂರು ತಿಂಗಳ ಸರಕನ್ನು ಒಮ್ಮೆಗೇ ಕೊಂಡರೆ ಮೇಲಿನ ಮೆಟ್ಟಿಲು ದೊರೆಯುವುದೆಂದು ಹೇಳಿದೊಡನೆ, ಆಕೆ ಮಾರುವವಳಾಗಿ ಉಳಿಯದೆ ಆ ಸಂಸ್ಥೆಯ ಗಿರಾಕಿಯಾಗಿ ಮಾರ್ಪಡುವಳು, ಮಂಚದ ಕೆಳಗೆ ಡಬ್ಬಿಗಳು ಸೇರತೊಡಗುವುವು.