ತೂಕ ಇಳಿದರೆ ಸುಮ್ಮನಿರಬೇಡಿ

ಆಸ್ಪತ್ರೆಯಲ್ಲಿರುವ ಸಂಬಂಧಿಕರನ್ನು ನೋಡಲು ಹೋದಾಗ "ಎಷ್ಟು ಸೊರಗಿದ್ದಾರೆ!" ಎಂದು ಮರುಗುತ್ತೇವೆ. ಕಾಯಿಲೆ ಬಂದ ಮೇಲೆ ಸೊರಗುವುದು ಸಹಜ ಎಂದುಕೊಂಡು ಹಿಂದಿರುಗುತ್ತೇವೆ. ಆದರೆ ಅನ್ನನಾಳ, ಜಠರ, ಮೇದೋಜೀರಕ ಗ್ರಂಥಿ ಅಥವಾ ಕರುಳಿನ ಕ್ಯಾನ್ಸರ್ ಇರುವವರಲ್ಲಿ ತೂಕದ ಇಳಿಕೆ ಚಿಕಿತ್ಸೆಯ ಗತಿಯನ್ನೇ ಬದಲಿಸಬಲ್ಲದು.

ಈ ರೋಗಗಳು ಆಹಾರ ಸಾಗುವ ದಾರಿಯಲ್ಲೇ ಬರುತ್ತವೆ. ಅನ್ನನಾಳದಲ್ಲಿ ಗಡ್ಡೆ ಬೆಳೆದರೆ ನುಂಗಲಾಗುವುದಿಲ್ಲ. ಮೇದೋಜೀರಕ ಗ್ರಂಥಿಯ ಕಿಣ್ವಗಳು ಕಡಿಮೆಯಾದರೆ ತಿಂದ ಕೊಬ್ಬು ಜೀರ್ಣವಾಗುವುದಿಲ್ಲ. ಜೊತೆಗೆ ಕ್ಯಾನ್ಸರ್ ಉಂಟುಮಾಡುವ ಉರಿಯೂತ ಹಸಿವನ್ನು ಕುಗ್ಗಿಸಿ ಸ್ನಾಯುಗಳನ್ನು ಕರಗಿಸುತ್ತದೆ. ಪೋಷಣೆ ಕುಸಿದ ರೋಗಿಗೆ ಶಸ್ತ್ರಚಿಕಿತ್ಸೆಯ ಗಾಯ ನಿಧಾನವಾಗಿ ಮಾಯುತ್ತದೆ, ಸೋಂಕು ಬೇಗ ತಗಲುತ್ತದೆ. ಕಿಮೋಥೆರಪಿಯನ್ನು ಮುಂದೂಡಬೇಕಾಗಿಯೂ ಬರಬಹುದು.

ಅಳೆಯುವುದು ಹೇಗೆ?

ಮೊದಲ ಹಂತ ತಪಾಸಣೆ. 2003ರಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ 'ಮಸ್ಟ್' ವಿಧಾನ ಇದಕ್ಕೊಂದು ಉದಾಹರಣೆ. 1.65 ಮೀಟರ್ ಎತ್ತರದ ವ್ಯಕ್ತಿಯೊಬ್ಬರ ತೂಕ ಆರು ತಿಂಗಳಲ್ಲಿ 60 ಕಿಲೋದಿಂದ 53ಕ್ಕೆ ಇಳಿಯಿತೆನ್ನಿ. ಇಳಿಕೆ ಶೇ. 10ಕ್ಕಿಂತ ಹೆಚ್ಚು, ಅದಕ್ಕೆ 2 ಅಂಕ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸುಮಾರು 19.5. ಅದು 18.5 ಮತ್ತು 20ರ ನಡುವೆ ಇರುವುದರಿಂದ 1 ಅಂಕ. ಒಟ್ಟು 3. ಎರಡು ಅಥವಾ ಹೆಚ್ಚು ಅಂಕ ಬಂದರೆ ಅಪಾಯ ಹೆಚ್ಚು ಎಂದರ್ಥ. ಗಮನಿಸಿ, ಬಿಎಂಐ ಮಾತ್ರ ನೋಡಿದ್ದರೆ ಇವರು 'ಸಾಮಾನ್ಯ' ಎನಿಸಿಕೊಳ್ಳುತ್ತಿದ್ದರು!

ಎರಡನೆಯ ಹಂತ ವಿವರವಾದ ಪರೀಕ್ಷೆ. 1987ರಲ್ಲಿ ಪ್ರಕಟವಾದ 'ಎಸ್‌ಜಿಎ' ವಿಧಾನದಲ್ಲಿ ಊಟದ ಬದಲಾವಣೆ, ವಾಂತಿ, ಭೇದಿ, ಓಡಾಡುವ ಶಕ್ತಿ ಇವುಗಳನ್ನು ವಿಚಾರಿಸಿ, ಸ್ನಾಯು ಹಾಗೂ ಕೊಬ್ಬು ಕರಗಿದೆಯೇ, ಕಾಲು ಊದಿದೆಯೇ ಎಂದು ನೋಡಿ ಎ, ಬಿ, ಸಿ ಶ್ರೇಣಿ ಕೊಡುತ್ತಾರೆ.

ತಕ್ಕಡಿಯೂ ಮೋಸಗೊಳಿಸಬಲ್ಲದು. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ದೇಹ ಕರಗುತ್ತಿದ್ದರೂ ತೂಕ ಇಳಿಯದು. ಆಗ ತೋಳಿನ ಸುತ್ತಳತೆ, ಕೈ ಹಿಡಿತದ ಬಲ ನೆರವಾಗುತ್ತವೆ. ರಕ್ತದ ಅಲ್ಬುಮಿನ್ ಉರಿಯೂತದಿಂದಲೂ ಕಡಿಮೆಯಾಗುವುದರಿಂದ ಅದೊಂದನ್ನೇ ನಂಬುವಂತಿಲ್ಲ.

ಮುಂದೇನು?

ರೋಗಿಯ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸಾಮಾನ್ಯವಾಗಿ 25ರಿಂದ 30 ಕಿಲೋಕ್ಯಾಲೊರಿ, 1ರಿಂದ 1.5 ಗ್ರಾಂ ಪ್ರೋಟೀನ್ ಗುರಿಯಾಗಿರುತ್ತದೆ. ಬಾಯಿಂದ ಸಾಧ್ಯವಾಗದಿದ್ದರೆ ನಳಿಕೆಯ ಮೂಲಕ ಆಹಾರ ಕೊಡುತ್ತಾರೆ. ಬಹಳ ದಿನ ಊಟ ಬಿಟ್ಟವರಿಗೆ ಒಮ್ಮೆಲೇ ಹೆಚ್ಚು ತಿನ್ನಿಸಿದರೆ ರಕ್ತದ ಲವಣಗಳು ಅಪಾಯಕಾರಿಯಾಗಿ ಕುಸಿಯಬಹುದು. ಆದ್ದರಿಂದ ಪ್ರೀತಿಯಿಂದ ಬುತ್ತಿ ಒಯ್ಯುವ ಮುನ್ನ ಆಹಾರ ತಜ್ಞರನ್ನು ಕೇಳಿ. "ಊಟ ಮಾಡಿದರೆ ಗಡ್ಡೆ ಬೆಳೆಯುತ್ತದೆ" ಎಂದು ರೋಗಿಯನ್ನು ಉಪವಾಸ ಕೆಡವುವುದೂ ತಪ್ಪು.

ಮನೆಯಲ್ಲಿ ಇಂತಹ ರೋಗಿ ಇದ್ದರೆ ಒಂದು ಪುಸ್ತಕದಲ್ಲಿ ವಾರಕ್ಕೊಮ್ಮೆ ತೂಕ, ದಿನವೂ ತಿಂದ ಪ್ರಮಾಣ ಬರೆದಿಡಿ. ವೈದ್ಯರು "ಮೊದಲು ಎಷ್ಟಿತ್ತು?" ಎಂದು ಕೇಳಿದಾಗ ಉತ್ತರ ನಿಮ್ಮ ಕೈಯಲ್ಲಿರಲಿ.