ತಂತಿಗೆ ತಾಳ ಕಲಿಸಿದ ಹೆಬ್ಬೆರಳು

ಸ್ವರವನ್ನು ನುಡಿಸುವ ವಾದ್ಯ ಒಂದು, ತಾಳವನ್ನು ಕಾಯುವ ವಾದ್ಯ ಇನ್ನೊಂದು ಎಂಬುದು ಸಂಗೀತ ಕೇಳುವ ನಮ್ಮೆಲ್ಲರಿಗೂ ರೂಢಿಯಾಗಿರುವ ಭಾವನೆ. ವೀಣೆಯ ಪಕ್ಕದಲ್ಲಿ ಮೃದಂಗವಿರಲೇಬೇಕು. ಹೀಗಿರುವಲ್ಲಿ, ಒಂದೇ ತಂತಿಯು ಒಂದೇ ಕ್ಷಣದಲ್ಲಿ ಸ್ವರವನ್ನೂ ತಾಳವನ್ನೂ ನುಡಿಸಬಲ್ಲುದೆಂದರೆ ಮೊದಲ ಬಾರಿಗೆ ಕೇಳುವವರಿಗೆ ಸೋಜಿಗವಾಗುವುದು ಸಹಜ. ಬೇಸ್ ಗಿಟಾರ್ ಎಂಬ ಪಾಶ್ಚಾತ್ಯ ತಂತೀವಾದ್ಯವನ್ನು 'ಸ್ಲ್ಯಾಪ್' ಎಂಬ ಕ್ರಮದಲ್ಲಿ ನುಡಿಸಿದಾಗ ನಡೆಯುವುದು ಇದೇ. ಸ್ಲ್ಯಾಪ್ ಎಂದರೆ ತಟ್ಟುವುದು. ವಾದಕನು ಬಲಗೈಯ ಹೆಬ್ಬೆರಳಿನಿಂದ ದಪ್ಪ ತಂತಿಗಳನ್ನು ತಟ್ಟುತ್ತಾನೆ. ತೋರುಬೆರಳನ್ನು ತೆಳು ತಂತಿಯ ಅಡಿಗೆ ತೂರಿಸಿ, ಮೇಲಕ್ಕೆಳೆದು, ಸಿಡಿಸುತ್ತಾನೆ. ತಟ್ಟಿದಾಗ ದೊಡ್ಡ ಡ್ರಮ್ಮಿನ ಗುದ್ದೂ, ಸಿಡಿಸಿದಾಗ ಚಿಕ್ಕ ಡ್ರಮ್ಮಿನ ಚಟ್ಟೆಂಬ ಸದ್ದೂ ಸ್ವರದೊಡನೆ ಬೆರೆತು ಹೊರಡುತ್ತವೆ.

ಈ ಕ್ರಮವನ್ನು ಕಲಿಯಹೊರಟ ತರುಣರಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯವಾಗಿ ಕಂಡುಬರುತ್ತದೆ. ಸದ್ದು ಜೋರಾಗಿರುವುದರಿಂದ ಪೆಟ್ಟೂ ಜೋರಾಗಿರಬೇಕೆಂದು ಎಣಿಸಿ ಅವರು ತಂತಿಯನ್ನು ಗುದ್ದತೊಡಗುತ್ತಾರೆ. ಕೆಲವು ದಿನಗಳಲ್ಲಿ ಹೆಬ್ಬೆರಳಿನ ಗೆಣ್ಣು ನೋಯುತ್ತದೆ, ಮುಂಗೈ ಬಿಗಿದುಕೊಳ್ಳುತ್ತದೆ. ಆದರೂ ತಂತಿಯಿಂದ ಹೊರಡುವುದು ಬರಿಯ ಮೊದ್ದು ಸದ್ದು. ತಮ್ಮ ಕೈ ಈ ವಿದ್ಯೆಗೆ ಹೇಳಿಸಿದ್ದಲ್ಲವೆಂದು ಬಗೆದು ಎಷ್ಟೋ ಮಂದಿ ವಾದ್ಯವನ್ನೇ ಬದಿಗಿಡುತ್ತಾರೆ. ವಾಸ್ತವವಾಗಿ ಈ ವಿದ್ಯೆಯ ಗುಟ್ಟಿರುವುದು ತಂತಿಯನ್ನು ತಕ್ಕ ಕಾಲಕ್ಕೆ ಬಿಟ್ಟುಕೊಡುವುದರಲ್ಲಿ. ಆ ತಕ್ಕ ಕಾಲವೆಂದರೆ ಎಷ್ಟು, ಕೈಯನ್ನು ಅದಕ್ಕೆ ಹೇಗೆ ಪಳಗಿಸಬೇಕು ಎಂಬುದನ್ನು ನೋಡೋಣ.

ಡ್ರಮ್ಮು ಇಲ್ಲದೆಡೆ ಹುಟ್ಟಿದ ವಿದ್ಯೆ

ತಂತಿಯನ್ನು ತಟ್ಟಿ ನುಡಿಸುವ ಪದ್ಧತಿ ಬೇಸ್ ಗಿಟಾರಿಗಿಂತ ಹಳೆಯದು. ಆಳೆತ್ತರಕ್ಕೆ ನಿಲ್ಲುವ, ಪಿಟೀಲಿನ ಆಕಾರದ ಡಬಲ್ ಬೇಸ್ ಎಂಬ ಮರದ ವಾದ್ಯವನ್ನು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಜಾಸ್ ವಾದಕರು 20ನೆಯ ಶತಮಾನದ ಆರಂಭದಲ್ಲಿಯೇ ಹೀಗೆ ನುಡಿಸುತ್ತಿದ್ದರು. 1954ರ ಜುಲೈ ತಿಂಗಳಲ್ಲಿ ಮೆಂಫಿಸ್ ನಗರದಲ್ಲಿ ಎಲ್ವಿಸ್ ಪ್ರೀಸ್ಲಿಯ ಮೊದಲ ವಾಣಿಜ್ಯ ಧ್ವನಿಮುದ್ರಿಕೆ ಸಿದ್ಧವಾದಾಗ ಅಲ್ಲಿ ಡ್ರಮ್ಮು ಬಾರಿಸುವವರೇ ಇರಲಿಲ್ಲ. ಬಿಲ್ ಬ್ಲ್ಯಾಕ್ ಎಂಬಾತನು ಡಬಲ್ ಬೇಸಿನ ತಂತಿಗಳನ್ನು ದಂಡಿಗೆ ಅಪ್ಪಳಿಸಿ ಆ ಕೊರತೆಯನ್ನು ತುಂಬಿದನು.

ಇಷ್ಟರಲ್ಲಿ ಕ್ಯಾಲಿಫೋರ್ನಿಯದ ಲಿಯೊ ಫೆಂಡರ್ ಎಂಬ ತಯಾರಕನು 1951ರಲ್ಲಿ 'ಪ್ರಿಸಿಷನ್ ಬೇಸ್' ಎಂಬ ವಿದ್ಯುತ್ ವಾದ್ಯವನ್ನು ಮಾರುಕಟ್ಟೆಗೆ ತಂದಿದ್ದನು. ಗಿಟಾರಿನಂತೆ ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ ಈ ವಾದ್ಯಕ್ಕೆ ನಾಲ್ಕು ಉಕ್ಕಿನ ತಂತಿಗಳು. ಕಂಪಿಸುವ ಭಾಗದ ಉದ್ದ 34 ಅಂಗುಲ, ಎಂದರೆ ಸುಮಾರು 86 ಸೆಂಟಿಮೀಟರ್. ದಂಡಿಯ ಮೇಲೆ ವೀಣೆಯ ಮೆಟ್ಟುಗಳಂತೆ ಇಪ್ಪತ್ತು ಲೋಹದ ಮೆಟ್ಟುಗಳು. ತಂತಿಗಳು ಸೆಕೆಂಡಿಗೆ ಕ್ರಮವಾಗಿ ಸುಮಾರು 41, 55, 73 ಮತ್ತು 98 ಬಾರಿ ಕಂಪಿಸುವಂತೆ ಶ್ರುತಿ ಮಾಡಲಾಗುತ್ತದೆ.

ಈ ವಾದ್ಯದ ಮೇಲೆ ಸ್ಲ್ಯಾಪ್ ಕ್ರಮವನ್ನು ನೆಲೆಗೊಳಿಸಿದವರು 1946ರಲ್ಲಿ ಜನಿಸಿದ ಲ್ಯಾರಿ ಗ್ರಹಾಂ. 1960ರ ದಶಕದಲ್ಲಿ, ಇನ್ನೂ ತರುಣರಾಗಿದ್ದಾಗ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಊರುಗಳಲ್ಲಿ ಅವರು ತಾಯಿಯೊಡನೆ ಕಚೇರಿ ನಡೆಸುತ್ತಿದ್ದರು. ತಾಯಿ ಪಿಯಾನೊ ನುಡಿಸಿ ಹಾಡುತ್ತಿದ್ದರು. ಮಂದ್ರಸ್ವರಗಳನ್ನು ನುಡಿಸುತ್ತಿದ್ದ ಆರ್ಗನ್ ಕೆಟ್ಟುಹೋದಾಗ ಗ್ರಹಾಂ ಬೇಸ್ ಗಿಟಾರನ್ನು ಕೈಗೆತ್ತಿಕೊಂಡರು. ಮುಂದೆ ಡ್ರಮ್ಮು ಬಾರಿಸುವವನೂ ಮೇಳದಲ್ಲಿ ಇಲ್ಲವಾದನು. ಆಗ ದೊಡ್ಡ ಡ್ರಮ್ಮಿನ ಬದಲು ಹೆಬ್ಬೆರಳಿನ ತಟ್ಟನ್ನೂ, ಚಿಕ್ಕ ಡ್ರಮ್ಮಿನ ಬದಲು ತೋರುಬೆರಳಿನ ಸಿಡಿತವನ್ನೂ ಅವರು ಅಳವಡಿಸಿಕೊಂಡರು. ಮುಂದೆ ಅವರು 'ಸ್ಲೈ ಆಂಡ್ ದ ಫ್ಯಾಮಿಲಿ ಸ್ಟೋನ್' ಮೇಳವನ್ನು ಸೇರಿದರು. ಆ ಮೇಳವು 1969ರ ಕೊನೆಯಲ್ಲಿ ಹೊರತಂದ 'ಥ್ಯಾಂಕ್ ಯೂ' ಎಂಬ ಹಾಡು ಮರುವರ್ಷ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಈ ಹೊಸ ನಾದ ಎಲ್ಲೆಡೆ ಹರಡಿತು.

ತಂತಿಯಲ್ಲಿ ನಡೆಯುವುದೇನು?

ತಂತಿಯನ್ನು ಬೆರಳಿನಿಂದ ಮೆಲ್ಲನೆ ಮೀಟಿದರೆ ಅದರ ಮೂಲಸ್ವರವೂ ಕೆಳಗಿನ ಕೆಲವು ಉಪಸ್ವರಗಳೂ ಪ್ರಬಲವಾಗಿ ಕೇಳಿಸುತ್ತವೆ. ಉಪಸ್ವರಗಳೆಂದರೆ ಮೂಲಸ್ವರದ ಎರಡು, ಮೂರು, ನಾಲ್ಕು ಪಟ್ಟು ವೇಗದಲ್ಲಿ ಕಂಪಿಸುವ ಸ್ವರಗಳು. ದಂಡಿಯ ಕೊನೆಯ ಮೆಟ್ಟುಗಳ ಬಳಿ ಹೆಬ್ಬೆರಳಿನ ಗೆಣ್ಣಿನಿಂದ ತಟ್ಟಿದಾಗಲಾದರೋ ತಂತಿಯು ಕೆಳಗೆ ಬಾಗಿ ಲೋಹದ ಮೆಟ್ಟಿಗೆ ಬಡಿಯುತ್ತದೆ. ಆ ಘರ್ಷಣೆಯಿಂದ ತಂತಿಯ ಆಕಾರದಲ್ಲಿ ಚೂಪಾದ ತಿರುವುಗಳು ಉಂಟಾಗುತ್ತವೆ. ತಿರುವು ಚೂಪಾದಷ್ಟೂ ಮೇಲಿನ ಉಪಸ್ವರಗಳ ಪಾಲು ಹೆಚ್ಚುತ್ತದೆ ಎಂಬುದು ಗಣಿತದಿಂದ ಸಿದ್ಧವಾಗುವ ಮಾತು. ತೋರುಬೆರಳಿನಿಂದ ಸಿಡಿಸಿದಾಗಲೂ ತಂತಿಯು ಹಿಂದಿರುಗಿ ಮೆಟ್ಟುಗಳಿಗೆ ಬಡಿದು ಇದೇ ಪರಿಣಾಮವನ್ನುಂಟುಮಾಡುತ್ತದೆ.

ಕಂಪಿಸುವ ತಂತಿಯು ಗಟ್ಟಿಯಾದ ಮೇಲ್ಮೈಯನ್ನು ತಾಕಿದಾಗ ನಾದಕ್ಕೆ ಬರುವ ಕಾಂತಿಯು ನಮ್ಮ ದೇಶದ ವಾದಕರಿಗೆ ಹೊಸದಲ್ಲ. ಪ್ರೊಫೆಸರ್ ಚಂದ್ರಶೇಖರ ವೆಂಕಟರಾಮನ್ ಅವರು, ಬೆಂಗಳೂರಿಗೆ ಬರುವುದಕ್ಕೆ ಬಹಳ ಮೊದಲು, ಕಲ್ಕತ್ತೆಯಲ್ಲಿದ್ದಾಗ 1921ರಲ್ಲಿ ವೀಣೆ ಮತ್ತು ತಂಬೂರಿಗಳ ಮೇಲೆ ಒಂದು ಪ್ರಬಂಧವನ್ನು ಪ್ರಕಟಿಸಿದರು. ಯಾವ ಬಿಂದುವಿನಲ್ಲಿ ತಂತಿಯನ್ನು ಮೀಟುವೆವೋ ಆ ಬಿಂದುವು ಯಾವ ಉಪಸ್ವರಕ್ಕೆ ನಿಶ್ಚಲ ಸ್ಥಾನವೋ ಆ ಉಪಸ್ವರ ಹುಟ್ಟಲಾರದೆಂಬುದು ಥಾಮಸ್ ಯಂಗ್ ಎಂಬ ವಿಜ್ಞಾನಿಯ ನಿಯಮ. ವೀಣೆ, ತಂಬೂರಿಗಳಲ್ಲಿ ಈ ನಿಯಮ ಮುರಿದುಬೀಳುತ್ತದೆ. ಹುಟ್ಟಬಾರದ ಉಪಸ್ವರಗಳೂ ಸ್ಪಷ್ಟವಾಗಿ ಕೇಳಿಸುತ್ತವೆ. ಅಗಲವಾಗಿ, ಬಾಗಿ ಇರುವ ಕುದುರೆಯ ಮೇಲ್ಮೈಯನ್ನು ತಂತಿಯು ತಾಕಿ ತಾಕಿ ಬಿಡುವುದೇ ಇದಕ್ಕೆ ಕಾರಣವೆಂದು ರಾಮನ್ನರು ತೋರಿಸಿದರು. ತಂಬೂರಿಯಲ್ಲಿ ಆ ಸ್ಪರ್ಶ ಕೋಮಲವಾದುದು, ಪ್ರತಿ ಕಂಪನದಲ್ಲಿಯೂ ಮರುಕಳಿಸುವಂಥದು. ಸ್ಲ್ಯಾಪ್‌ನಲ್ಲಿ ಅದು ಮುಖ್ಯವಾಗಿ ಪೆಟ್ಟಿನ ಆರಂಭದಲ್ಲಿ ನಡೆಯುವ ಬಿರುಸಾದ ಘರ್ಷಣೆ. ಉಪಸ್ವರಗಳನ್ನು ಎಬ್ಬಿಸುವ ಕೆಲಸದಲ್ಲಿ ಎರಡೂ ದಾಯಾದಿಗಳೇ.

ತಂತಿಯ ಕೆಳಗೆ ಅಯಸ್ಕಾಂತವನ್ನೂ ಅದರ ಸುತ್ತ ತಾಮ್ರದ ತಂತಿಯ ಸುರುಳಿಯನ್ನೂ ಇಟ್ಟಿರುತ್ತಾರೆ. ಉಕ್ಕಿನ ತಂತಿ ಅಲುಗಾಡಿದಾಗ ಕಾಂತಕ್ಷೇತ್ರ ಬದಲಾಗಿ, 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ತ್ವದಂತೆ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಬದಲಾವಣೆ ಎಷ್ಟು ಬೇಗ ನಡೆದರೆ ವಿದ್ಯುತ್ತಿನ ಒತ್ತಡ ಅಷ್ಟು ಹೆಚ್ಚು. ಆದಕಾರಣ ಘರ್ಷಣೆಯ ಚುರುಕಾದ ಕಂಪನಗಳು ಇಲ್ಲಿ ಚೆನ್ನಾಗಿಯೇ ದಾಖಲಾಗುತ್ತವೆ.

ನಮ್ಮ ಕಿವಿಯೂ ಇದಕ್ಕೆ ನೆರವಾಗುತ್ತದೆ. ಸೆಕೆಂಡಿಗೆ 40 ಕಂಪನಗಳ ನಾದವು ಕೇವಲ ಕೇಳಿಸುವಷ್ಟಾಗಲು, 1000 ಕಂಪನಗಳ ನಾದಕ್ಕೆ ಬೇಕಾದುದಕ್ಕಿಂತ ಹತ್ತಾರು ಸಾವಿರ ಪಟ್ಟು ಹೆಚ್ಚು ಶಕ್ತಿ ಬೇಕು. ಹೀಗಾಗಿ ಸಾಧಾರಣ ಮಂದ್ರಸ್ವರವು ಮೇಳದ ಗದ್ದಲದಲ್ಲಿ ಹೂತುಹೋಗುವುದುಂಟು. ಸ್ಲ್ಯಾಪ್‌ನ ಉಪಸ್ವರಗಳು ಕಿವಿ ಚುರುಕಾಗಿರುವ ವಲಯಕ್ಕೆ ಬೀಳುತ್ತವೆ. ಮೂಲಸ್ವರವು ಕ್ಷೀಣವಾಗಿದ್ದರೂ ಉಪಸ್ವರಗಳ ಕ್ರಮದಿಂದಲೇ ಮಿದುಳು ಅದನ್ನು ಊಹಿಸಿಕೊಳ್ಳುತ್ತದೆ. ಮಂದ್ರನಾದವನ್ನು ಹೊರಡಿಸಲಾರದ ಚಿಕ್ಕ ಧ್ವನಿವರ್ಧಕದಲ್ಲಿಯೂ ಈ ವಾದನ ಸ್ಪಷ್ಟವಾಗಿ ಕೇಳಿಸುವುದು ಇದರಿಂದಲೇ.

ಎಂಟು ಮಿಲಿಸೆಕೆಂಡುಗಳ ಗಡುವು

ಮನೆಯಲ್ಲಿಯೇ ಒಂದು ಪ್ರಯೋಗ ಮಾಡಿ ನೋಡಿ. ತೆಳುವಾದ ಲೋಹದ ಲೋಟವನ್ನು ಚಮಚದಿಂದ ತಟ್ಟಿ, ಚಮಚ ತಾನಾಗಿ ಪುಟಿಯಲು ಬಿಡಿ. ಲೋಟ ಠಣ್ ಎಂದು ಮೊಳಗುತ್ತದೆ. ಈಗ ಅಷ್ಟೇ ಜೋರಾಗಿ ತಟ್ಟಿ ಚಮಚವನ್ನು ಅಲ್ಲಿಯೇ ಒತ್ತಿಹಿಡಿಯಿರಿ. 'ಟಕ್' ಎಂದು ಸದ್ದು ಸತ್ತುಹೋಗುತ್ತದೆ. ಹುಟ್ಟಿಸಿದ ವಸ್ತುವೇ ಅದನ್ನು ಕೊಂದಿತು.

ತಂತಿಯ ವಿಷಯದಲ್ಲಿ ಗಡುವನ್ನು ಲೆಕ್ಕ ಹಾಕಬಹುದು. ತಂತಿಯ ಮೇಲೆ ಎದ್ದ ಅಲೆ ಅದರ ಉದ್ದವನ್ನು ಒಮ್ಮೆ ಹೋಗಿ ಬರುವ ಕಾಲವೇ ಒಂದು ಕಂಪನದ ಕಾಲ. ಅತ್ಯಂತ ದಪ್ಪ ತಂತಿಯಲ್ಲಿ ಈ ಪ್ರಯಾಣ ಸುಮಾರು 1.73 ಮೀಟರ್, ಅದು ಸೆಕೆಂಡಿಗೆ ಸುಮಾರು 41 ಬಾರಿ ನಡೆಯುತ್ತದೆ. ಎಂದರೆ ಅಲೆಯ ವೇಗ ಸೆಕೆಂಡಿಗೆ ಸುಮಾರು 71 ಮೀಟರ್. ಹೆಬ್ಬೆರಳು ಬೀಳುವ ಕೊನೆಯ ಮೆಟ್ಟಿನಿಂದ ಕುದುರೆಗೆ ಸುಮಾರು 27 ಸೆಂಟಿಮೀಟರ್ ದೂರ. ಅಲೆಯು ಕುದುರೆಯನ್ನು ಮುಟ್ಟಿ ಹಿಂದಿರುಗಲು ಸೆಕೆಂಡಿನ ಸಾವಿರದಲ್ಲಿ ಎಂಟು ಭಾಗ, ಎಂದರೆ ಎಂಟು ಮಿಲಿಸೆಕೆಂಡಿಗೂ ತುಸು ಕಡಿಮೆ ಕಾಲ ಸಾಕು. ಅಷ್ಟರಲ್ಲಿ ಹೆಬ್ಬೆರಳು ಅಲ್ಲಿಂದ ತೊಲಗಿರಬೇಕು. ಇಲ್ಲವಾದರೆ ಮರಳಿ ಬಂದ ಅಲೆಯನ್ನು ಮೆತ್ತನೆಯ ಬೆರಳೇ ನುಂಗುತ್ತದೆ.

ಕಾದ ಹೆಂಚನ್ನು ಮುಟ್ಟಿದ ಕೈಯಂತೆ ಹೆಬ್ಬೆರಳನ್ನು ಸರಕ್ಕನೆ ತೆಗೆದರಾಯಿತು ಎನ್ನಬಹುದು. ಆದರೆ ಹೆಂಚನ್ನು ಮುಟ್ಟಿದ ಕೈ ಕೂಡ ಇಲ್ಲಿ ತೀರ ನಿಧಾನ! ಸ್ಪರ್ಶವನ್ನು ಅರಿತು ಬೇಕೆಂದೇ ಕೈಯೆತ್ತಲು ಮನುಷ್ಯನಿಗೆ ನೂರು ಮಿಲಿಸೆಕೆಂಡಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ. ಮಿದುಳಿನ ಅಪ್ಪಣೆಗೆ ಕಾಯದೆ ಬೆನ್ನುಹುರಿಯಿಂದಲೇ ನಡೆಯುವ ಅತಿ ಶೀಘ್ರದ ಅನೈಚ್ಛಿಕ ಕ್ರಿಯೆಗೂ ಇಪ್ಪತ್ತು ಮಿಲಿಸೆಕೆಂಡಿಗೆ ಕಡಿಮೆಯಿಲ್ಲ. ಪೆಟ್ಟು ಬಿದ್ದ ಸುದ್ದಿ ಮಿದುಳಿಗೆ ತಲಪುವ ಮೊದಲೇ ಅದರ ಹಣೆಬರಹ ತೀರ್ಮಾನವಾಗಿಹೋಗಿರುತ್ತದೆ. ಆದುದರಿಂದ ಹಿಂದಿರುಗುವ ಚಲನೆಯು ಹೊರಡುವ ಚಲನೆಯಲ್ಲಿಯೇ ಅಡಕವಾಗಿರಬೇಕು. ನೆಲಕ್ಕೆ ಬಿದ್ದ ಚೆಂಡಿಗೆ 'ಮೇಲೇಳು' ಎಂದು ಯಾರೂ ಹೇಳಬೇಕಾಗಿಲ್ಲ. ಹಾಗೆಯೇ, ಕೈ ಸಡಿಲವಾಗಿದ್ದರೆ ಬಿಗಿದ ತಂತಿಯೇ ಹೆಬ್ಬೆರಳನ್ನು ಹಿಂದಕ್ಕೆ ಪುಟಿಸುತ್ತದೆ. ಗುದ್ದುವವನ ಕೈ ಬಿಗಿಯಾಗಿರುವುದರಿಂದ ಅದು ಪುಟಿಯದೆ ತಂತಿಯ ಮೇಲೆ ಕುಳಿತುಬಿಡುತ್ತದೆ.

ಅಭ್ಯಾಸದ ಕ್ರಮ

ಇಷ್ಟು ತಿಳಿದ ಮೇಲೆ ಅಭ್ಯಾಸದ ದಾರಿ ತಾನಾಗಿ ಸ್ಪಷ್ಟವಾಗುತ್ತದೆ. ಮೊದಲನೆಯದಾಗಿ, ಪೆಟ್ಟು ತೋಳಿನಿಂದಾಗಲಿ ಹೆಬ್ಬೆರಳೊಂದರಿಂದಲೇ ಆಗಲಿ ಬರಬಾರದು. ಬೀಗದಲ್ಲಿ ಕೀಲಿಯನ್ನು ತಿರುಗಿಸುವಾಗ ಮುಂಗೈ ಹೇಗೆ ಹೊರಳುವುದೋ ಅದೇ ಚಲನೆ ಇಲ್ಲಿ ಬೇಕಾದುದು. ಬೆರಳಿನ ಮೃದು ಭಾಗಕ್ಕೆ ಬದಲು ಗೆಣ್ಣಿನ ಎಲುಬಿನ ಬದಿ ತಂತಿಗೆ ತಾಗಲಿ. ಗಟ್ಟಿ ವಸ್ತುವಿನ ಸ್ಪರ್ಶಕಾಲ ಕಡಿಮೆ.

ಎರಡನೆಯದಾಗಿ, ಮೆಟ್ರೊನೋಮ್ ಎಂಬ ಕಾಲಮಾಪಕವನ್ನು ನಿಮಿಷಕ್ಕೆ 60 ಎಣಿಕೆಗೆ ಇಟ್ಟು, ದಪ್ಪ ತಂತಿಯನ್ನು ಎಣಿಕೆಗೊಮ್ಮೆ ಮಾತ್ರ ತಟ್ಟಬೇಕು. ಒಂದು ಎಣಿಕೆಯ ನಾದ ಮುಂದಿನ ಎಣಿಕೆಯವರೆಗೆ ಮೊಳಗುತ್ತಿದ್ದರೆ ಪೆಟ್ಟು ಸರಿ. ನಡುವೆ ಸತ್ತರೆ ಹೆಬ್ಬೆರಳು ತಡಮಾಡಿದೆಯೆಂದೇ ಅರ್ಥ. ನಿಧಾನವಾಗಿ ಅಭ್ಯಾಸಮಾಡಬೇಕೆಂಬ ಹಿರಿಯರ ಮಾತನ್ನು ಇಲ್ಲಿ ಸರಿಯಾಗಿ ತಿಳಿಯತಕ್ಕದ್ದು. ಪೆಟ್ಟುಗಳ ನಡುವಣ ಬಿಡುವು ನಿಧಾನವಾಗಿರಬೇಕೇ ಹೊರತು ಪೆಟ್ಟು ನಿಧಾನವಾಗಬಾರದು. ಒಂದು ಪೆಟ್ಟಿನ ಫಲವನ್ನು ಕೇಳಿ, ತೂಗಿ, ಮುಂದಿನದನ್ನು ತಿದ್ದಿಕೊಳ್ಳಲು ಮಿದುಳಿಗೆ ಆ ಬಿಡುವು ಬೇಕು.

ಮೂರನೆಯದಾಗಿ, ಎಡಗೈಯ ಬೆರಳುಗಳನ್ನು ಉಳಿದ ತಂತಿಗಳ ಮೇಲೆ ಹಗುರವಾಗಿ ಇಟ್ಟು ಅವುಗಳ ಅನಪೇಕ್ಷಿತ ನಾದವನ್ನು ಅಡಗಿಸಬೇಕು. ಇದು ಕೈವಶವಾದ ಮೇಲೆ ತೋರುಬೆರಳಿನ ಸಿಡಿತವನ್ನು ಸೇರಿಸಿಕೊಳ್ಳಬಹುದು. ದಪ್ಪ ತಂತಿಯ ಮೂರನೆಯ ಮೆಟ್ಟಿನಲ್ಲಿ ಸೆಕೆಂಡಿಗೆ 49 ಕಂಪನಗಳ ಸ್ವರವಿದೆ; ತೆಳುವಾದ ಕಡೆಯಿಂದ ಎರಡನೆಯ ತಂತಿಯ ಐದನೆಯ ಮೆಟ್ಟಿನಲ್ಲಿ ಅದೇ ಸ್ವರ ಒಂದು ಸ್ಥಾಯಿ ಮೇಲೆ, 98 ಕಂಪನಗಳಲ್ಲಿ, ದೊರೆಯುತ್ತದೆ. ಮೊದಲನೆಯದನ್ನು ತಟ್ಟಿ ಎರಡನೆಯದನ್ನು ಸಿಡಿಸುವುದು ಈ ವಿದ್ಯೆಯ ಸರಳೆ ವರಸೆ ಎನ್ನಬಹುದು. ತಪ್ಪಿಲ್ಲದೆ ನಡೆದಾಗ ಮಾತ್ರ ಎಣಿಕೆಯನ್ನು ಸ್ವಲ್ಪ ಸ್ವಲ್ಪವೇ ಏರಿಸಿಕೊಂಡು ಹೋಗಬೇಕು. ನಿಮಿಷಕ್ಕೆ 120ರ ಎಣಿಕೆಯಲ್ಲಿ, ಎಣಿಕೆಗೆ ನಾಲ್ಕರಂತೆ ನುಡಿಸುವವನಿಗೆ ಒಂದೊಂದು ಪೆಟ್ಟಿಗೆ ದೊರೆಯುವುದು 125 ಮಿಲಿಸೆಕೆಂಡು. ಅಲ್ಲಿ ಯೋಚಿಸಿ ತಿದ್ದಿಕೊಳ್ಳಲು ಎಡೆಯಿಲ್ಲ. ನಿಧಾನದಲ್ಲಿ ಕಲಿತದ್ದೇ ಕೈಹಿಡಿಯಬೇಕು.

ನೋವು ಕಂಡೊಡನೆ ನಿಲ್ಲಿಸಬೇಕು. ಬಿಗಿದ ಸ್ನಾಯುಗಳಿಂದ ಗಂಟೆಗಟ್ಟಲೆ ಗುದ್ದಿದರೆ ಮುಂಗೈಯ ಸ್ನಾಯುರಜ್ಜುಗಳಿಗೆ ಕೇಡುಂಟಾಗಿ ತಿಂಗಳುಗಳ ಕಾಲ ವಾದ್ಯವನ್ನೇ ಮುಟ್ಟದಂತಾಗಬಹುದು. ಒಂದೇ ದಿನ ಎರಡು ಗಂಟೆ ದುಡಿಯುವುದಕ್ಕಿಂತ ದಿನಕ್ಕೆ ಕಾಲು ಗಂಟೆಯಂತೆ ಎಂಟು ದಿನ ದುಡಿಯುವುದು ಮೇಲು. ಬೆರಳುಗಳು ಕಲಿತ ಚಲನೆಯು ರಾತ್ರಿಯ ನಿದ್ರೆಯ ಅನಂತರ ಇನ್ನಷ್ಟು ಕುದುರುತ್ತದೆಂದು 21ನೆಯ ಶತಮಾನದ ಆರಂಭದಲ್ಲಿ ನಡೆದ ಪ್ರಯೋಗಗಳು ಸೂಚಿಸಿವೆ.

ಕೈಯಲ್ಲಿ ಬಲ ಸಾಲದೆಂದು ಈ ವಾದ್ಯವನ್ನು ಬದಿಗಿಟ್ಟ ವಿದ್ಯಾರ್ಥಿಗಳು ಯಾರಾದರೂ ಇದ್ದರೆ, ಅವರು ಅದನ್ನು ಮತ್ತೊಮ್ಮೆ ಕೈಗೆತ್ತಿಕೊಳ್ಳಲಿ. ಭುಜವನ್ನು ಸಡಿಲಗೊಳಿಸಿ, ಮೊದಲು ಹೊಡೆಯುತ್ತಿದ್ದ ಬಲದ ಅರ್ಧದಷ್ಟರಲ್ಲಿಯೇ ದಪ್ಪ ತಂತಿಯನ್ನೊಮ್ಮೆ ತಟ್ಟಿ, ಬೆರಳನ್ನು ತಂತಿಯ ಇಚ್ಛೆಗೆ ಬಿಟ್ಟು, ಕಿವಿಗೊಟ್ಟು ಕೇಳಲಿ. ಬೆರಳು ಪುಟಿದೆದ್ದಿದ್ದರೆ ಸ್ವರವೂ ತಾಳವೂ ಒಟ್ಟಿಗೆ ಕೇಳಿಸುವುವು.